ಯೋಬನ ಗೆಳೆಯರು ಏಳು ದಿನ ಚೆನ್ನಾಗಿದ್ದರು

ಯೋಬ ಬೈಬಲ್ಲಿನ ಒಬ್ಬ ಸಜ್ಜನ, ಏನೂ ತಪ್ಪು ಮಾಡದೆ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡವನು. ಅವನಿಗೆ ಸಮಾಧಾನ ಹೇಳೋಕೆ ಬಂದ ಗೆಳೆಯರನ್ನು ಬೈಯದ ಚರ್ಚ್ ಪ್ರಸಂಗ ನಾನು ಕೇಳಿಲ್ಲ. ಸಭೆಯಲ್ಲಿ ಅವಕಾಶ ಸಿಕ್ಕಾಗ ನಾನೂ ಬೈದಿದ್ದೇನೆ. ನಾನು ಅವರಿಗಿಂತ ಕಡೆ ಅಂತ ಗೊತ್ತಾಗಿದ್ದು ಡಯಾಲಿಸಿಸ್ ವಾರ್ಡಿನಲ್ಲಿ.

ಹಳೆಯ ಸ್ನೇಹಿತನೊಬ್ಬನಿಗೆ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರಕ್ಕೆ ಎರಡು ಸಲ, ಸಲಕ್ಕೆ ನಾಲ್ಕು ಗಂಟೆ ಮೆಷಿನ್ ಪಕ್ಕ ಮಲಗಬೇಕು. ಮೊದಲ ಸಲ ನೋಡೋಕೆ ಹೋದವನು ಸುಮ್ನೆ ಕೂರಲಿಲ್ಲ. ಬೈಬಲ್ಲಿನಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯ ತೆಗೆದೆ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ ಅನ್ನೋ ವಚನ. ಅದಕ್ಕೆ ನನ್ನದೊಂದು ಒಗ್ಗರಣೆ: "ದೇವರು ನಿನಗೆ ಏನೋ ಕಲಿಸ್ತಿದ್ದಾನೆ ಕಣೋ."

ಅವನು ಕಣ್ಣು ಮುಚ್ಚಿಕೊಂಡೇ ಹೇಳಿದ: "ಆಯ್ತು ಮಾರಾಯ. ಈಗ ಆ ಕಂಬಳಿ ಸ್ವಲ್ಪ ಕಾಲಿಗೆ ಎಳಿ. ಚಳಿ ಆಗ್ತಿದೆ."

ಅವನ ಪಾದ ಎರಡೂ ಹೊರಗಿದ್ದವು. ಅರ್ಧ ಗಂಟೆ ಎದುರಿಗೇ ಕೂತಿದ್ದೆ, ಕಂಡಿರಲಿಲ್ಲ.

ಮನೆಗೆ ಬಂದು ಯೋಬನ ಪುಸ್ತಕ ಮತ್ತೆ ಓದಿದೆ. ಎಲೀಫಜ, ಬಿಲ್ದದ, ಚೋಫರ ಮೂವರೂ ಮಾತಾಡಿಕೊಂಡು, ಬೇರೆ ಬೇರೆ ಊರಿನಿಂದ ಹೊರಟು ಬಂದವರು. ದೂರದಿಂದ ನೋಡಿದಾಗ ಯೋಬನ ಗುರುತೇ ಸಿಗಲಿಲ್ಲ. ಗಟ್ಟಿಯಾಗಿ ಅತ್ತರು, ಬಟ್ಟೆ ಹರಿದುಕೊಂಡರು, ತಲೆಗೆ ಮಣ್ಣು ತೂರಿಕೊಂಡರು. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು. ಒಬ್ಬನೂ ಬಾಯಿ ಬಿಡಲಿಲ್ಲ. ನಾವು ರೋಗಿಯನ್ನು ನೋಡೋಕೆ ಹೋದರೆ ಏಳು ನಿಮಿಷ ಬಾಯಿ ಮುಚ್ಚಿಕೊಂಡು ಕೂರ್ತೀವಾ?

ಕೆಟ್ಟಿದ್ದು ಆಮೇಲೆ, ಕಾರಣ ಹುಡುಕೋಕೆ ಹೊರಟಾಗ. ಇಷ್ಟು ಕಷ್ಟ ಬಂದಿದೆ ಅಂದರೆ ಏನೋ ಪಾಪ ಇರಲೇಬೇಕು ಅನ್ನೋದು ಅವರ ಲೆಕ್ಕ. ಮಕ್ಕಳನ್ನೆಲ್ಲ ಕಳೆದುಕೊಂಡವನ ಮುಂದೆಯೇ ಬಿಲ್ದದ, ನಿನ್ನ ಮಕ್ಕಳ ಪಾಪಕ್ಕೆ ಹಾಗಾಗಿರಬೇಕು ಅನ್ನುತ್ತಾನೆ. 22ನೇ ಅಧ್ಯಾಯದ ಹೊತ್ತಿಗೆ ಎಲೀಫಜ ಇಲ್ಲದ ತಪ್ಪುಗಳನ್ನೇ ಪಟ್ಟಿ ಮಾಡುತ್ತಾನೆ. ಬಾಯಾರಿದವನಿಗೆ ನೀರು ಕೊಡಲಿಲ್ಲ, ವಿಧವೆಯರನ್ನು ಬರಿಗೈಲಿ ಕಳಿಸಿದೆ ಅಂತ. ಲೆಕ್ಕ ತಾಳೆಯಾಗಬೇಕಲ್ಲ!

ಇದು ಬರೀ ಅಹಂಕಾರ ಅಂದುಕೊಂಡಿದ್ದೆ. ಯೋಬ ಅವರನ್ನು ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದ. 6ನೇ ಅಧ್ಯಾಯದಲ್ಲಿ ಅವರನ್ನು ಬಿಸಿಲಿಗೆ ಬತ್ತುವ ಹಳ್ಳಕ್ಕೆ ಹೋಲಿಸುತ್ತಾನೆ. ನೀರು ಇದ್ದೀತು ಅಂತ ಹುಡುಕಿ ಬಂದ ವ್ಯಾಪಾರಿಗಳ ಗುಂಪು ಅಲ್ಲಿ ಮೋಸ ಹೋಗುತ್ತದೆ. ಅದರ ಬೆನ್ನಿಗೇ ಹೇಳುತ್ತಾನೆ, ನೀವು ನನ್ನ ಗತಿ ನೋಡಿ ಹೆದರಿದ್ದೀರಿ ಅಂತ. ನಿಜ ಅಲ್ವಾ? ಏನೂ ತಪ್ಪು ಮಾಡದವನಿಗೆ ಹೀಗಾದರೆ ನಾಳೆ ನನಗೂ ಆಗಬಹುದು. ಅವನದೇ ತಪ್ಪು ಅಂದುಬಿಟ್ಟರೆ ನಾನು ಬಚಾವ್. ವಾರ್ಡಿನಲ್ಲಿ ನಾನು ಅಷ್ಟು ಹೊತ್ತು ಮಾತಾಡಿದ್ದು ಅವನ ಸಮಾಧಾನಕ್ಕಲ್ಲ, ನನ್ನದಕ್ಕೆ. ಆ ಮೆಷಿನ್ ನೋಡಿ ನನಗೆ ಭಯವಾಗಿತ್ತು.

ಕೊನೆಗೆ ದೇವರಿಗೆ ಸಿಟ್ಟು ಬಂದಿದ್ದು ಯಾರ ಮೇಲೆ? ತನ್ನ ಪರವಾಗಿ ವಾದ ಮಾಡಿದವರ ಮೇಲೆ! ಬಲಿ ಕೊಡೋಕೆ ಏಳು ಹೋರಿ, ಏಳು ಟಗರು ತಗೊಂಡು ಯೋಬನ ಹತ್ತಿರ ಹೋಗಿ, ಅವನೇ ನಿಮಗಾಗಿ ಪ್ರಾರ್ಥನೆ ಮಾಡಲಿ ಅಂದ. ನನಗೆ ಈ ಭಾಗ ತುಂಬಾ ಇಷ್ಟ.

ಆ ರೋಮಾಪುರದ ಪತ್ರ ಬರೆದ ಪೌಲನೂ ನೆನಪಾದ, ಯೇಸುವಿನ ಸಂದೇಶ ಸಾರುತ್ತಾ ತಿರುಗಿದ ಅಪೊಸ್ತಲ. ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಹೊತ್ತಿಗೆ ಅವನು ಬೇಡಿಯಲ್ಲಿದ್ದಾನೆ. ಎಷ್ಟೋ ಜನ ಬಿಟ್ಟು ಹೋಗಿದ್ದಾರೆ, ಜೊತೆಗಿರುವವನು ಲೂಕ ಒಬ್ಬನೇ. ಒನೇಸಿಫೊರ ಅನ್ನುವವನೊಬ್ಬ ಆ ಬೇಡಿಗೆ ನಾಚಿಕೆಪಡದೆ, ರೋಮಿನಲ್ಲೆಲ್ಲ ಹುಡುಕಾಡಿ ತನ್ನನ್ನು ಕಂಡಿದ್ದನ್ನು ಪೌಲ ಬರೆಯುತ್ತಾನೆ. ಅದೇ ಪತ್ರದಲ್ಲಿ ಕೇಳುತ್ತಾನೆ: ತ್ರೋವ ಪಟ್ಟಣದಲ್ಲಿ ಕರ್ಪನ ಹತ್ತಿರ ಬಿಟ್ಟು ಬಂದ ನನ್ನ ಮೇಲಂಗಿ ತಗೊಂಡು ಬಾ, ಚಳಿಗಾಲಕ್ಕೆ ಮುಂಚೆ ಬಾ. ಅಷ್ಟು ದೊಡ್ಡ ಅಪೊಸ್ತಲನಿಗೂ ಚಳಿ.

ಈಗ ಮಂಗಳವಾರದ ಸರದಿಗೆ ನಾನೂ ಹೋಗುತ್ತೇನೆ. ಮೊದಲು ಕಂಬಳಿ ಸರಿ ಮಾಡುತ್ತೇನೆ. ಆಮೇಲೆ ಅವನು ಟಿವಿಯಲ್ಲಿ ಹಳೇ ಕ್ರಿಕೆಟ್ ಮ್ಯಾಚ್ ನೋಡುತ್ತಾನೆ, ನಾನು ಪಕ್ಕದಲ್ಲಿ ತೂಕಡಿಸುತ್ತೇನೆ. ಹೋದ ವಾರ ಅವನೇ ಕೇಳಿದ, "ಏನೋ, ವಚನ ಏನೂ ಇಲ್ವಾ ಇವತ್ತು?"