ಯುವನಿಧಿ ಎಲ್ಲ ನಿರುದ್ಯೋಗಿಗಳಿಗೂ ಸಿಗುತ್ತದೆಯೇ? ಒಂದು ಸ್ಪಷ್ಟನೆ

ವಿಜಯಪುರದ ಕೆಲವು ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: 'ಕೆಲಸ ಇಲ್ಲದ ಎಲ್ಲ ಯುವಕರಿಗೆ ತಿಂಗಳಿಗೆ 3,000 ರೂಪಾಯಿ. ನೋಂದಣಿಗೆ 500 ರೂಪಾಯಿ ಕಳಿಸಿ.' ಇದು ತಪ್ಪು. ದಯವಿಟ್ಟು ಯಾರಿಗೂ ದುಡ್ಡು ಕಳಿಸಬೇಡಿ.

ಯುವನಿಧಿ ಕರ್ನಾಟಕ ಸರ್ಕಾರದ ನಿಜವಾದ ನಿರುದ್ಯೋಗ ಭತ್ಯೆ ಯೋಜನೆಯೇ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಹಣ ಕೊಡಲು ಶುರುವಾಯಿತು. ಆದರೆ 3,000 ರೂಪಾಯಿ ಪದವೀಧರರಿಗೆ ಮಾತ್ರ. ಡಿಪ್ಲೊಮಾ ಆದವರಿಗೆ 1,500. ಪಿಯುಸಿಗೆ ಓದು ನಿಲ್ಲಿಸಿದವರಿಗೆ ಇದು ಸಿಗುವುದಿಲ್ಲ. ಹಳೆಯ ಪದವೀಧರರಿಗೂ ಇಲ್ಲ, 2022-23ರಿಂದ ಈಚೆಗೆ ಪಾಸಾದವರಿಗಷ್ಟೇ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಕ್ಕಿರಬಾರದು. ಮುಂದೆ ಓದುತ್ತಿರುವವರು ಅರ್ಹರಲ್ಲ.

ಅರ್ಜಿ ಸೇವಾಸಿಂಧು ಪೋರ್ಟಲ್‌ನಲ್ಲಿ. ನೀವೇ ಹಾಕಿದರೆ ಒಂದು ರೂಪಾಯಿಯೂ ಖರ್ಚಿಲ್ಲ. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ, ಹಾಗಾಗಿ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ನೋಡಿಕೊಳ್ಳಿ. ಇನ್ನೂ ಕೆಲಸ ಸಿಕ್ಕಿಲ್ಲ ಎಂದು ಆಗಾಗ ಸ್ವಯಂ ಘೋಷಣೆ ಕೊಡಬೇಕು. ಬಹಳ ಜನ ಇದನ್ನೇ ಮರೆಯುತ್ತಾರೆ, ಆಮೇಲೆ 'ದುಡ್ಡು ಯಾಕೆ ನಿಂತಿತು' ಎಂದು ಕೇಳುತ್ತಾರೆ.

ನನಗೆ ಜಾಸ್ತಿ ಚಿಂತೆ ಇರುವುದು ಇನ್ನೊಂದು ವಿಷಯದ್ದು. ಈ ಹಣ ಬರುತ್ತದೆಂದು ನಂಬಿ ಕೆಲವರು ಕಂತಿನಲ್ಲಿ ಬೈಕು, ಫೋನು ತೆಗೆದುಕೊಳ್ಳುತ್ತಾರೆ. ಯುವನಿಧಿ ಹೆಚ್ಚೆಂದರೆ ಎರಡು ವರ್ಷ. ಕೆಲಸ ಸಿಕ್ಕ ಕೂಡಲೇ ನಿಲ್ಲುತ್ತದೆ. ಮೂರು ವರ್ಷದ ಕಂತನ್ನು ಇದರ ಮೇಲೆ ಕಟ್ಟಲಾಗದು, ಅಲ್ವಾ? ಪರೀಕ್ಷೆ ಶುಲ್ಕ, ಸಂದರ್ಶನಕ್ಕೆ ಹೋಗುವ ಬಸ್ ಚಾರ್ಜು, ಟೈಪಿಂಗ್ ಅಥವಾ ಟ್ಯಾಲಿ ಕ್ಲಾಸು, ಇವುಗಳಿಗೆ ಎತ್ತಿಡಿ. ಆ 500 ಈಗಾಗಲೇ ಕಳಿಸಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.