ತುಪ್ಪದ ಬೆರಳು, ರೆಕಾರ್ಡಿನ ಗೆರೆ

ಗಣೇಶನ ಮೆರವಣಿಗೆಯಲ್ಲಿ ಎದೆ ನಡುಗಿಸುವ ಹಾಡು ಹಾಕುವುದು ನನ್ನ ಹೊಟ್ಟೆಪಾಡು. ಮನೆಯಲ್ಲಿಯೂ ಅದನ್ನೇ ಕೇಳಬೇಕೆಂದು ಯಾರು ಹೇಳಿದರು? ಬೆಳಗಾವಿಯ ಟಿಳಕವಾಡಿಯ ನನ್ನ ಕೋಣೆಗೆ ಬಂದವರು ಕುಂದಾ ತಿಂದು ಮುಗಿಸಿ, ಅದೇ ತುಪ್ಪದ ಬೆರಳನ್ನು ನೇರವಾಗಿ ಗ್ರಾಮಫೋನ್ ರೆಕಾರ್ಡಿನ ಮೇಲೆ ಊರುತ್ತಾರೆ. ಅಂಚನ್ನು ಹಿಡಿಯಿರಪ್ಪಾ, ಗೆರೆಗಳನ್ನಲ್ಲ! ಕೂದಲೆಳೆಯಷ್ಟು ಸಣ್ಣ ಆ ಗೆರೆಯಲ್ಲಿಯೇ ಸೂಜಿ ಓಡಬೇಕು. ಜಿಡ್ಡಿಗೆ ಧೂಳು ಅಂಟಿತೋ, ಆಲಾಪದ ನಡುವೆ ಬರೀ ಚಟಪಟ.

ಅಲ್ಲಿಗೂ ಮುಗಿಯುವುದಿಲ್ಲ. ರಾತ್ರಿ ಮನಸ್ಸು ತಣ್ಣಗಾಗಲೆಂದು ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರನ್ನು ಹಚ್ಚಿದರೆ, "ಡಿಜೆ ಸಾಹೇಬರೇ, ಏನಾದರೂ ಜೋರಾದದ್ದು ಹಾಕಿರಲ್ಲ" ಎನ್ನುತ್ತಾರೆ. ಇವರು 1924ರಲ್ಲಿ ನಮ್ಮದೇ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದವರು ಎಂದರೆ, "ಹೌದೇನು?" ಎಂದು ಮೊಬೈಲಿಗೆ ಕಣ್ಣು ನೆಡುತ್ತಾರೆ. ನಿಮಿಷಕ್ಕೆ 33⅓ ಸುತ್ತು ಹಾಕುವ ಎಲ್‌ಪಿ ರೆಕಾರ್ಡಿನ ಒಂದು ಬದಿ ಸಾಮಾನ್ಯವಾಗಿ 20–25 ನಿಮಿಷ. ಅಷ್ಟು ಹೊತ್ತು ಬಾಯಿ ಮುಚ್ಚಿ ಕೂರಲಾಗದೇ?

ಮೊನ್ನೆ ಒಬ್ಬರು ರೆಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿ, ಮುಳ್ಳು ಕೂರಿಸಿದರೆ ಒಳ್ಳೆಯ ಗೋಡೆ ಗಡಿಯಾರವಾಗುತ್ತದೆ ಎಂದರು. ಅವರಿಗೆ ಎರಡನೆಯ ಚಹಾ ಕೊಡಲಿಲ್ಲ.