ಹಳದಿ ಆಗುತ್ತೆ ಸಾರ್

ಬೆಂಗಳೂರಿನಲ್ಲಿ ಬಿ ಖಾತಾ ಎಲ್ಲ ಎ ಖಾತಾ ಆಗುತ್ತಂತೆ. ಖಾತಾ ಅಂದರೆ ಪಾಲಿಕೆ ಲೆಕ್ಕದಲ್ಲಿ ನಿಮ್ಮ ಆಸ್ತಿಯ ದಾಖಲೆ, ಎ ಅಂದರೆ ನಿಯಮದ ಪ್ರಕಾರ ಇರುವುದು, ಬಿ ಅಂದರೆ ಇಲ್ಲದ್ದು. 2025ರ ದೀಪಾವಳಿ ಹೊತ್ತಿಗೆ ಸುದ್ದಿ ಬಂತು, ರಾಜ್ಯೋತ್ಸವದ ದಿನದಿಂದ ನೂರು ದಿನದ ಅಭಿಯಾನ ಅಂದರು, ಮಾರ್ಗಸೂಚಿ ದರದ, ಅಂದರೆ ಸರ್ಕಾರ ಜಾಗಕ್ಕೆ ಗೊತ್ತುಮಾಡಿದ ಬೆಲೆಯ, ಶೇ. 5ರಷ್ಟು ಕಟ್ಟಿ ಅಂದರು. ಅಷ್ಟೇ. ಸ್ಕೂಲಿನಲ್ಲಿ ಹೀಗೊಂದು ವ್ಯವಸ್ಥೆ ಇದ್ದಿದ್ದರೆ ನಮ್ಮಪ್ಪ ಎಷ್ಟೊಂದು ಬೆತ್ತ ಉಳಿಸಬಹುದಿತ್ತು.

ಬೇರೆ ಊರಿನವರಿಗೆ ಇದರ ಮಹಿಮೆ ಗೊತ್ತಾಗುವುದಿಲ್ಲ. ಬೆಂಗಳೂರಿನಲ್ಲಿ ಹೆಣ್ಣು ಕೊಡುವವರು ಈಗ ಗೋತ್ರ ಆಮೇಲೆ ಕೇಳುತ್ತಾರೆ. ಮೊದಲು ಕೇಳುವುದು, ಹುಡುಗನ ಮನೆ ಎ ಖಾತಾನಾ ಬಿ ಖಾತಾನಾ? ಎ ಅಂದರೆ ಕಾಫಿ ಜೊತೆ ಖಾರಾಬೂಂದಿ ಬರುತ್ತದೆ. ಬಿ ಅಂದರೆ ಬರೀ ಕಾಫಿ. "ಪಂಚಾಯ್ತಿ ಖಾತಾ" ಅಂದರೆ ನೀರು ಕುಡಿದು ಎದ್ದು ಬರಬೇಕು. ಅಸಲಿಗೆ ಬಿ ಖಾತಾ ಅನ್ನುವುದು ಖಾತಾನೇ ಅಲ್ಲ. ನಿಯಮ ಮೀರಿದ ಆಸ್ತಿಗಳನ್ನು ಬೇರೆ ಪುಸ್ತಕದಲ್ಲಿ ಬರೆದಿಟ್ಟುಕೊಂಡು ಅವುಗಳಿಂದಲೂ ತೆರಿಗೆ ವಸೂಲು ಮಾಡಲು ಪಾಲಿಕೆ ಕಂಡುಕೊಂಡ ದಾರಿ ಅದು. ನಿನ್ನ ಮನೆ ಕಾನೂನಿನ ಪ್ರಕಾರ ಇಲ್ಲ, ಆದರೆ ಅದರ ಟ್ಯಾಕ್ಸ್ ಮಾತ್ರ ಕಾನೂನಿನ ಪ್ರಕಾರವೇ ಇದೆ, ಮಾರ್ಚ್ ಒಳಗೆ ಕಟ್ಟು. ಇಂಥ ಐಡಿಯಾ ಹೊಳೆದ ತಲೆಗೆ ಒಂದು ಪ್ರತಿಮೆ ಆಗಬೇಕು. ಪ್ರತಿಮೆಯನ್ನು ಫುಟ್‌ಪಾತ್ ಮೇಲೇ ಇಡಬಹುದು, ಆಮೇಲೆ ಸಕ್ರಮ ಮಾಡಿಕೊಂಡರಾಯಿತು.

ಇಷ್ಟಕ್ಕೂ ಖಾತಾ ಎ ಆಗುವುದು ಸೈಟಿಗೆ ಮಾತ್ರ. ಅದರ ಮೇಲೆ ಎದ್ದು ನಿಂತಿರುವ ಕಟ್ಟಡದ ಕಥೆ ಬೇರೆ. ಹೊಸ ಚಪ್ಪಲಿ ಹಾಕಿಕೊಂಡ ಮಾತ್ರಕ್ಕೆ ಹರಿದ ಪ್ಯಾಂಟ್ ಸರಿಹೋಗುವುದಿಲ್ಲ ಅಲ್ವಾ? ಪ್ಯಾಂಟ್ ಹೊಲಿಯುವುದಕ್ಕೂ ಒಂದು ಸಲ ಹೊರಟಿದ್ದರು, ಅಕ್ರಮ-ಸಕ್ರಮ ಅಂತ. ವಾಸದ ಮನೆಗೆ ಶೇ. 50ರವರೆಗೆ ಉಲ್ಲಂಘನೆ ಇದ್ದರೆ ಮಾಫಿ, ಅಂಗಡಿ-ಮಳಿಗೆಗೆ ಶೇ. 25. ಅರ್ಧ ತಪ್ಪು ತಪ್ಪೇ ಅಲ್ಲ ಅನ್ನುವ ಲೆಕ್ಕ. 2014ರಲ್ಲಿ ನಿಯಮ ಬಂತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅಲ್ಲಿಗೆ ಸಕ್ರಮ ನಿಂತಿತು. ಅಕ್ರಮಕ್ಕೆ ಯಾರೂ ತಡೆ ಕೊಟ್ಟಿರಲಿಲ್ಲವಲ್ಲ, ಅದು ತನ್ನ ಪಾಡಿಗೆ ನಡೆಯಿತು.

ನನ್ನ ಕಥೆ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆಯಲ್ಲಿ ಕರಗುವುದಿಲ್ಲ. ನನ್ನದು ಮೂವತ್ತು-ನಲವತ್ತು ಸೈಟು. ಮನೆ ಕಟ್ಟುವಾಗ ನಿಯಮದ ಪುಸ್ತಕ ಓದಿದೆ. ಅದೇ ನಾನು ಮಾಡಿದ ಮೊದಲ ತಪ್ಪು. 1,200 ಚದರಡಿ ಜಾಗ, ಎಫ್‌ಎಆರ್ 1.75, ಅಂದರೆ ಎಲ್ಲ ಮಹಡಿ ಸೇರಿ 2,100 ಚದರಡಿ ಕಟ್ಟಬಹುದು. ಸುತ್ತ ಸೆಟ್‌ಬ್ಯಾಕ್ ಅಂತ ಖಾಲಿ ಜಾಗ ಬಿಡಬೇಕು. ಬಿಟ್ಟೆ. ಮೇಸ್ತ್ರಿ ಟೇಪು ಹಿಡಿದುಕೊಂಡು ನನ್ನ ಮುಖ ನೋಡಿದ. "ಯಾಕೆ ಸಾರ್, ಜಾಗ ಸುಮ್ನೆ ವೇಸ್ಟ್ ಮಾಡ್ತೀರಿ, ಯಾರಾದ್ರೂ ಏನಾದ್ರೂ ಅಂದ್ರಾ?" ಯಾರೂ ಏನೂ ಅಂದಿಲ್ಲ, ರೂಲ್ಸು ಹಾಗಿದೆ ಅಂದೆ. ಸಂಜೆ ಅವನು ಕೆಲಸದವರಿಗೆ ಇದನ್ನು ಹೇಳಿ ನಗುತ್ತಿದ್ದದ್ದು ನನಗೆ ಕೇಳಿಸಿತು. ಆಮೇಲೆ ನಾಲ್ಕು ದಿನ ಯಾವ ಗಾರೆಯವನೂ ನನ್ನ ಕಣ್ಣಿಗೆ ಕಣ್ಣಿಟ್ಟು ಮಾತಾಡಲಿಲ್ಲ, ಪಾಪ, ಮನೆಯಲ್ಲಿ ಏನೋ ಆಗಿದೆ ಅಂದುಕೊಂಡಿರಬೇಕು.

ಪಕ್ಕದ ಸೈಟಿನವರು ಪುಸ್ತಕ ಓದಲಿಲ್ಲ. ಅವರದ್ದೂ ಅಷ್ಟೇ ಜಾಗ, ಅದೇ ರಸ್ತೆ. ಮಹಡಿಗೆ 1,100 ಚದರಡಿಯಂತೆ ಐದು ಮಹಡಿ, ಅಂದರೆ 5,500. ಈಗ ಅದು ಪಿಜಿ. ನನ್ನ ಅಡುಗೆಮನೆ ಕಿಟಕಿ ತೆಗೆದರೆ ಎದುರಿಗೆ ಒಬ್ಬ ಹುಡುಗ ಹಲ್ಲುಜ್ಜುತ್ತಿರುತ್ತಾನೆ. ಒಳ್ಳೆಯ ಹುಡುಗ, ಸಾಫ್ಟ್‌ವೇರ್, ಕೊಪ್ಪಳದ ಕಡೆಯವನು. ಕೈ ಚಾಚಿದರೆ ಪೇಸ್ಟ್ ಇಸಿದುಕೊಳ್ಳಬಹುದು. ಒಂದು ದಿನ ಅವನೇ ಕೇಳಿದ, "ಆಂಟಿ, ಇವತ್ತು ಒಗ್ಗರಣೆ ಸೀದಿದೆ ಅಲ್ರೀ?" ನನ್ನ ಹೆಂಡತಿ ಅಂದಿನಿಂದ ಕಿಟಕಿಗೆ ಪೇಪರ್ ಅಂಟಿಸಿದ್ದಾಳೆ. ನಾನು ಬಿಟ್ಟ ಮೂರಡಿ ಸೆಟ್‌ಬ್ಯಾಕ್‌ನಿಂದ ಇವತ್ತು ಗಾಳಿ-ಬೆಳಕು ಸಿಗುತ್ತಿರುವುದು ಆ ಪಿಜಿಗೆ. ಬಾಡಿಗೆ ಮಾತ್ರ ಅವರಿಗೇ ಹೋಗುತ್ತದೆ.

ಇನ್ವೆಸ್ಟ್‌ಮೆಂಟ್ ಅನ್ನುತ್ತಾರಲ್ಲ, ನಮ್ಮೂರಲ್ಲಿ ಅದನ್ನು ಮಾಡುವುದು ಜಾಗದ ಮೇಲಲ್ಲ, ಮುಂದೊಂದು ದಿನ ಸಿಗುವ ಮಾಫಿಯ ಮೇಲೆ. ಬ್ರೋಕರುಗಳಿಗೆ ಇದು ಚೆನ್ನಾಗಿ ಗೊತ್ತು. ಹೋದ ವರ್ಷ ನನ್ನ ಷಡ್ಡಕ ಒಂದು ಸೈಟು ನೋಡಬೇಕು ಬಾ ಅಂದ, ಹೋದೆ. ಹೊಸಕೋಟೆ ದಾಟಿ ಒಳಗೆ. ಕಲ್ಲು ನೆಟ್ಟು ಬಿಳಿ ಸುಣ್ಣ ಹೊಡೆದಿದ್ದರು, ಕಮಾನು ಕಟ್ಟಿದ್ದರು, ಕಮಾನಿಗೆ ಎರಡು ಆನೆ. ಇದು ಗ್ರೀನ್ ಬೆಲ್ಟ್, ಮನೆ ಕಟ್ಟಬಾರದ ಹಸಿರು ಜಾಗ ಅಲ್ಲವೇನಪ್ಪಾ ಅಂದೆ. ಬ್ರೋಕರು ನನ್ನ ಭುಜದ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದುಕೊಂಡು ಹೋದ. "ಅಣ್ಣ, ಈಗ ಹಸಿರು. ಮುಂದಿನ ಮಾಸ್ಟರ್ ಪ್ಲಾನ್‌ನಲ್ಲಿ ಹಳದಿ ಆಗುತ್ತೆ. ಹಳದಿ ಆದ್ಮೇಲೆ ನಿಮಗೆ ಇದು ಈ ರೇಟಿಗೆ ಸಿಗುತ್ತಾ?"

ಮಾಸ್ಟರ್ ಪ್ಲಾನ್ ಅಂದರೆ ಯಾವ ಜಾಗದಲ್ಲಿ ಏನು ಬರಬೇಕು ಅಂತ ಬಣ್ಣ ಹಚ್ಚಿದ ಊರಿನ ನಕ್ಷೆ. ಅದರಲ್ಲಿ ಹಳದಿ ಅಂದರೆ ವಾಸದ ವಲಯ. ನೀಲಿ ವ್ಯಾಪಾರ, ನೇರಳೆ ಕೈಗಾರಿಕೆ, ಹಸಿರು ಪಾರ್ಕು ಮತ್ತು ಹೊಲ. ಹಿಂದೆ ಆ ಕಡೆ ಹಳದಿ ಅಂದರೆ ರಾಗಿ ಹೊಲದ ಅಕ್ಕಡಿಯಲ್ಲಿ ಹುಚ್ಚೆಳ್ಳು ಹೂ ಬಿಟ್ಟಿದೆ ಅಂತ ಅರ್ಥ. ಬಸ್ಸಿನ ಕಿಟಕಿಯಿಂದ ನೋಡಿದರೆ ಸಾಲು ಸಾಲು ದೀಪ ಹಚ್ಚಿದ ಹಾಗಿರುತ್ತಿತ್ತು. ನಮ್ಮಜ್ಜಿ ಹುಚ್ಚೆಳ್ಳು ಚಟ್ನಿಪುಡಿ ಮಾಡಿದರೆ ಮೂರು ಮನೆಯಾಚೆ ಘಮ. ಈಗ ಬೆಂಗಳೂರಿನಲ್ಲಿ ಅದನ್ನು ಪುಟ್ಟ ಡಬ್ಬದಲ್ಲಿ ಹಾಕಿ "ಆರ್ಗ್ಯಾನಿಕ್" ಅಂತ ಬರೆದು ಮಾರುತ್ತಾರೆ, ರೇಟು ಕೇಳಿದರೆ ಅದಕ್ಕೂ ಒಂದು ಖಾತಾ ಮಾಡಿಸಿರಬೇಕು ಅನ್ನಿಸುತ್ತದೆ. ಇರಲಿ.

ಬೆಂಗಳೂರಿನ ಮುಂದಿನ ಮಾಸ್ಟರ್ ಪ್ಲಾನ್ ಇದೆಯಲ್ಲ, ಅದರ ಬಗ್ಗೆ ಗೌರವದಿಂದಲೇ ಮಾತಾಡಬೇಕು. ನಾವು ಈಗಲೂ ನಡೆಸುತ್ತಿರುವುದು 2015ರವರೆಗೆ ಅಂತ ಮಾಡಿದ ಪ್ಲಾನನ್ನು. ಅದು ಮಂಜೂರಾಗಿದ್ದು 2007ರಲ್ಲಿ, ಫ್ರಾನ್ಸಿನ ಸಲಹೆಗಾರರನ್ನು ಕರೆಸಿ ಮಾಡಿಸಿದ್ದು. ಆಗ ದೇವನಹಳ್ಳಿಯಿಂದ ವಿಮಾನ ಹಾರುತ್ತಿರಲಿಲ್ಲ, ಮೆಟ್ರೋ ಓಡುತ್ತಿರಲಿಲ್ಲ. 2031ಕ್ಕೆ ಅಂತ ಒಂದು ಕರಡನ್ನು 2017ರಲ್ಲಿ ಹೊರಡಿಸಿದರು, ಜನ ಸಾಲುಗಟ್ಟಿ ಆಕ್ಷೇಪಣೆ ಕೊಟ್ಟರು, 2020ರಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. ಆಮೇಲೆ 2041ರ ಮಾತು ಶುರುವಾಯಿತು. ಹತ್ತು ವರ್ಷದ ಹಿಂದಿನ ಪಂಚಾಂಗ ನೋಡಿ ಯಾವ ಪುರೋಹಿತರೂ ಮುಹೂರ್ತ ಇಡುವುದಿಲ್ಲ. ಇಟ್ಟರೆ ಬೀಗರು ಸುಮ್ಮನಿರುತ್ತಾರಾ? ಒಂದು ಕೋಟಿಗೂ ಜಾಸ್ತಿ ಜನ ಇರುವ ಊರಿಗೆ ಮಾತ್ರ ಅದೇ ಹಳೇ ಪಂಚಾಂಗದಲ್ಲಿ ಗೃಹಪ್ರವೇಶ ನಡೆಯುತ್ತಲೇ ಇದೆ. ನಕ್ಷೆ ನೋಡಿ ಊರು ಕಟ್ಟುವುದು ಬೇರೆಯವರ ಪದ್ಧತಿ. ನಮ್ಮಲ್ಲಿ ಊರು ಮೊದಲು ಎದ್ದು ನಿಲ್ಲುತ್ತದೆ, ನಕ್ಷೆಯವರು ಆಮೇಲೆ ಬಣ್ಣದ ಡಬ್ಬ ಹಿಡಿದುಕೊಂಡು ಬರುತ್ತಾರೆ. ಇಂದಿರಾನಗರದ ಹನ್ನೆರಡನೇ ಮೇನ್‌ನಲ್ಲಿ ಮನೆ ಕಟ್ಟಿಕೊಂಡು ಮಲ್ಲಿಗೆ ಬಳ್ಳಿ ಬೆಳೆಸಿದ್ದವರನ್ನು ಕೇಳಿ, ಅವರ ಹಳದಿ ಯಾವ ರಾತ್ರಿ ನೀಲಿ ಆಯಿತು ಅಂತ. ಪಬ್ಬುಗಳ ಸಂಗೀತದ ಸದ್ದಿನಲ್ಲಿ ಉತ್ತರ ಕೇಳಿಸಿದರೆ.

ಪೆರಿಫೆರಲ್ ರಿಂಗ್ ರೋಡ್ ಇನ್ನೂ ಚೆಂದ. 73 ಕಿಲೋಮೀಟರ್ ರಸ್ತೆ. ಸುಮಾರು ಇಪ್ಪತ್ತು ವರ್ಷದಿಂದ ಕಾಗದದ ಮೇಲೆ ಒಂದು ಗುಂಡಿಯೂ ಬೀಳದೆ ಹೊಸದಾಗಿಯೇ ಇದೆ, ಬೆಂಗಳೂರಿನಲ್ಲಿ ಇಷ್ಟು ಸುಸ್ಥಿತಿಯಲ್ಲಿರುವ ರಸ್ತೆ ಇನ್ನೊಂದಿಲ್ಲ. ಅದರ ಗೆರೆ ಯಾರ ಹೊಲದ ಮೇಲೆ ಹಾದಿದೆಯೋ ಅವರು ಮಾರುವಂತಿಲ್ಲ, ಕಟ್ಟುವಂತಿಲ್ಲ, ಪರಿಹಾರ ಬಂತು ಅನ್ನುವಂತಿಲ್ಲ. ಮಗ ಹುಟ್ಟಿ, ಡಿಗ್ರಿ ಮುಗಿಸಿ, ಮದುವೆಗೆ ಬಂದ. ರಸ್ತೆಗೆ ಹೊಸ ಹೆಸರು ಇಟ್ಟಿದ್ದಾರೆ, ಬೆಂಗಳೂರು ಬಿಸಿನೆಸ್ ಕಾರಿಡಾರ್ ಅಂತ. ನಾಮಕರಣ ಎರಡು ಸಲ ಆಯಿತು, ಕೂಸು ಮಾತ್ರ ಇನ್ನೂ ಹುಟ್ಟಿಲ್ಲ.

ಹಾಂ, ಓಸಿ ವಿಷಯ ಮರೆತೆ. ಕಟ್ಟಡ ಪ್ಲಾನಿನ ಪ್ರಕಾರವೇ ಇದೆ, ವಾಸಕ್ಕೆ ಯೋಗ್ಯ ಅಂತ ಕೊಡುವ ಪತ್ರ. ನಮ್ಮ ಭಾಷೆಯಲ್ಲಿ ಓಸಿ ಅಂದರೆ ಪುಗಸಟ್ಟೆ. ಓಸಿಯಲ್ಲಿ ಖಂಡಿತ ಸಿಗದ ಒಂದೇ ವಸ್ತು ಈ ಓಸಿ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟು-ನೀರು ಕೊಡಬೇಡಿ ಅಂದಿತು. ಊರಿಗೆ ಊರೇ ಗಾಬರಿ. ಹೊಸ ಮನೆ ಕಟ್ಟಿದವರು ತಿಂಗಳುಗಟ್ಟಲೆ ಟೆಂಪರರಿ ಕರೆಂಟಿನಲ್ಲಿ ದುಬಾರಿ ಬಿಲ್ಲು ಕಟ್ಟುತ್ತಾ ಕೂತರು. ಆಮೇಲೆ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಒಂದು ದಾರಿ ಹುಡುಕಿತು. 1,200 ಚದರಡಿವರೆಗಿನ ಜಾಗದಲ್ಲಿ ನೆಲಮಹಡಿ ಮೇಲೆ ಎರಡು, ಅಥವಾ ಸ್ಟಿಲ್ಟ್ (ಗಾಡಿ ನಿಲ್ಲಿಸಲು ಬರೀ ಕಂಬದ ಮೇಲೆ ಬಿಟ್ಟ ಕೆಳಮಹಡಿ) ಮೇಲೆ ಮೂರು ಮಹಡಿಯ ಮನೆಗೆ ಓಸಿಯೇ ಬೇಡ. ಪರೀಕ್ಷೆಯಲ್ಲಿ ಎಲ್ಲರೂ ಫೇಲಾಗುತ್ತಿದ್ದರು, ಪರೀಕ್ಷೆಯನ್ನೇ ತೆಗೆದರು. ಚಪ್ಪಾಳೆ. ದೊಡ್ಡವರಿಗೆ ಬೇರೆ ಕೌಂಟರ್ ಇದೆ, ಪ್ರೀಮಿಯಂ ಎಫ್‌ಎಆರ್ ಅಂತ. ದುಡ್ಡು ಕಟ್ಟಿ ಮೇಲಿನ ಗಾಳಿ ಕೊಂಡುಕೊಂಡು ಇನ್ನಷ್ಟು ಮಹಡಿ ಏರಿಸಬಹುದು. ಕೆಳಗಿನ ಮೋರಿ ಮಾತ್ರ ಪ್ರೀಮಿಯಂ ಆಗುವುದಿಲ್ಲ, ಅದು ನಮ್ಮ ತಾತನ ಕಾಲದ ಅಳತೆಯಲ್ಲೇ ಇದೆ.

ತಮಾಷೆ ಮಾಡಿಕೊಂಡು ಇಷ್ಟು ದೂರ ಬಂದೆ, ಇಲ್ಲಿ ನನಗೆ ನಗು ಬರುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಮಳೆಯಲ್ಲಿ ಕುಸಿಯಿತು. ಅನುಮತಿಗಿಂತ ಜಾಸ್ತಿ ಮಹಡಿ ಏರಿಸಿದ್ದರು ಅಂತ ಮಾರನೇ ದಿನ ಎಲ್ಲರೂ ಹೇಳಿದರು. ಹಿಂದಿನ ದಿನ ಯಾರೂ ಹೇಳಿರಲಿಲ್ಲ. ಮಹಡಿ ಅಂದರೆ ಕದ್ದು ಜೇಬಿಗೆ ಹಾಕಿಕೊಳ್ಳುವ ವಸ್ತುವಾ? ರಸ್ತೆಯಲ್ಲಿ ಹೋಗುವ ಮಗುವೂ ಎಣಿಸಬಹುದು. ಎಣಿಸಲು ಸಂಬಳ ತೆಗೆದುಕೊಳ್ಳುವವರಿಗೆ ಮಾತ್ರ ಕಾಣಲಿಲ್ಲ. ಸತ್ತವರು ಕೂಲಿಗೆ ಬಂದವರು. ಅವರ ಹೆಸರಿನಲ್ಲಿ ಎ ಖಾತಾವೂ ಇರಲಿಲ್ಲ, ಬಿ ಖಾತಾವೂ ಇರಲಿಲ್ಲ.

ಇನ್ನೊಂದು ಮಾತು. ಬಿ ಖಾತಾದವರೆಲ್ಲ ಕಳ್ಳರು ಅಂತ ನಾನು ಹೇಳುತ್ತಿಲ್ಲ. ನಮ್ಮ ಬೀದಿಯ ಆಟೋ ಓಡಿಸುವವರು ಚೀಟಿ ಎತ್ತಿ, ಹೆಂಡತಿಯ ಬಳೆ ಅಡವಿಟ್ಟು ಒಂದು ರೆವಿನ್ಯೂ ಸೈಟು, ಅಂದರೆ ಅನುಮೋದನೆ ಇಲ್ಲದೆ ಹೊಲದಲ್ಲಿ ಗೆರೆ ಎಳೆದು ಮಾರಿದ ಸೈಟು ಕೊಂಡರು. ಬೇರೆ ಏನು ಮಾಡಬೇಕಿತ್ತು? ಕಾನೂನಿನ ಸೈಟಿಗೆ ಕಾಯಬೇಕಿತ್ತಾ? ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಅರ್ಕಾವತಿ ಬಡಾವಣೆಗೆ ಮೊದಲ ಅಧಿಸೂಚನೆ ಬಂದದ್ದು 2003ರಲ್ಲಿ, 2004ರ ಅಂತಿಮ ಅಧಿಸೂಚನೆಯಲ್ಲಿ 2,750 ಎಕರೆ. ಕೋರ್ಟು, ಡಿನೋಟಿಫಿಕೇಶನ್ ಅಂತ ಜಾಗ ಕೈಬಿಡುವುದು, ಆಮೇಲೆ 'ರೀಡೂ' ಅಂತ ಪಟ್ಟಿಯನ್ನೇ ಮತ್ತೆ ಮಾಡುವುದು, ಅದಕ್ಕೊಂದು ತನಿಖಾ ಆಯೋಗ. ದುಡ್ಡು ಕಟ್ಟಿ, ಹಂಚಿಕೆ ಪತ್ರ ಹಿಡಿದುಕೊಂಡು ತಲೆ ಬೆಳ್ಳಗಾದವರಿದ್ದಾರೆ. ಸರಿಯಾದ ದಾರಿಯಲ್ಲಿ ನಿಂತವನಿಗೆ ಸೈಟು ಕೊಡಲಿಲ್ಲ, ಅಡ್ಡದಾರಿಯಲ್ಲಿ ಕೊಂಡವನನ್ನು ತಡೆಯಲಿಲ್ಲ, ಈಗ ಇಬ್ಬರ ಹತ್ತಿರವೂ ಚಲನ್ ಹಿಡಿದುಕೊಂಡು ಬಂದಿದ್ದಾರೆ. ಆ ಆಟೋದವರ ಸೈಟಿಗೆ ಚದರಡಿಗೆ 4,000 ಮಾರ್ಗಸೂಚಿ ದರ ಅಂದುಕೊಂಡರೂ 1,200 ಚದರಡಿಗೆ 48 ಲಕ್ಷ, ಅದರ ಶೇ. 5 ಅಂದರೆ 2.40 ಲಕ್ಷ. ಬಿಡಿಸಿಕೊಂಡು ತಂದ ಬಳೆ ಮತ್ತೆ ಅಂಗಡಿಗೆ ಹೋಗಬೇಕು. ಐದು ಮಹಡಿ ಪಿಜಿಯವರಿಗೆ ಅದು ಒಂದೆರಡು ತಿಂಗಳ ಬಾಡಿಗೆ.

ಅಂದಹಾಗೆ ನನ್ನ ಷಡ್ಡಕ ಆ ಸೈಟು ಕೊಂಡ. ಬೇಡ ಅಂತ ಅರ್ಧ ಗಂಟೆ ಹೇಳಿದೆ. "ಭಾವ, ನೀವು ರೂಲ್ಸ್ ಪ್ರಕಾರ ಕಟ್ಟಿ ಏನು ಕಂಡ್ರಿ?" ಅಂದ. ಉತ್ತರ ಹೊಳೆಯಲಿಲ್ಲ. ಈಗ ಹಬ್ಬಕ್ಕೆ ಸಿಕ್ಕಾಗೆಲ್ಲ ಫೋನ್‌ನಲ್ಲಿ ಕಮಾನಿನ ಫೋಟೋ ತೋರಿಸುತ್ತಾನೆ. ಆನೆಗಳಿಗೆ ಹೊಸ ಬಣ್ಣ ಹೊಡೆದಿದ್ದಾರೆ. ಹಳದಿ.

ಮೊನ್ನೆ ಪಕ್ಕದ ಕಟ್ಟಡದ ತಾರಸಿ ಮೇಲೆ ಕಬ್ಬಿಣದ ಪೈಪುಗಳು ಬಂದಿಳಿದವು. ವೆಲ್ಡಿಂಗ್ ಕಿಡಿ ನಮ್ಮ ಅಂಗಳಕ್ಕೆ ಬೀಳುತ್ತಿತ್ತು. ಏನಿದು ಅಂತ ಓನರನ್ನು ಕೇಳಿದೆ. "ಏನಿಲ್ಲ ಸಾರ್, ಸುಮ್ನೆ ಶೀಟ್ ಹಾಕ್ತಾ ಇದೀವಿ, ನಾಲ್ಕು ರೂಮು, ಟೆಂಪರರಿ" ಅಂದರು. ನಮ್ಮ ತುಳಸಿಗೆ ಬೆಳಿಗ್ಗೆ ಹತ್ತು ನಿಮಿಷ ಬಿಸಿಲು ಬೀಳುತ್ತಿತ್ತು, ಅದೂ ಹೋಗುತ್ತಲ್ಲ ಅಂದೆ. ಅವರಿಗೆ ನಿಜವಾಗಿಯೂ ಬೇಜಾರಾಯಿತು, ಒಳ್ಳೆಯ ಮನುಷ್ಯರೇ. ಸ್ವಲ್ಪ ಯೋಚಿಸಿ ಹೇಳಿದರು:

"ಕುಂಡ ತಂದು ನಮ್ಮ ಶೀಟ್ ಪಕ್ಕ ಇಟ್ಬಿಡಿ ಸಾರ್. ಮೇಲೆ ಬಿಸಿಲು ಚೆನ್ನಾಗಿ ಬೀಳುತ್ತೆ."